ಏಳು ಜನರ ಅಡುಗೆಮನೆ ಲೇಬಲ್‌ನಲ್ಲಿ ಒಬ್ಬರದ್ದಾಗಿದೆ. ಇಂಗ್ಲಿಷ್‌ನ ಆ ಕೊಕ್ಕೆ (ಅಪಾಸ್ಟ್ರಫಿ) ಎಲ್ಲಿ ಬರಬೇಕು?

ನಾಪೋಕ್ಲು ಅಕ್ಕ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಾವು ಏಳು ಜನ ಹೆಂಗಸರು ಸೇರಿ ಒಂದು ಸ್ವಸಹಾಯ ಗುಂಪು ಮಾಡಿಕೊಂಡಿದ್ದೇವೆ. ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ ರಸ), ಕಾಫಿ ಪುಡಿ, ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಇಷ್ಟು ದಿನ ಬಾಟಲಿಗೆ ಬಿಳಿ ಚೀಟಿ ಅಂಟಿಸಿ ಪೆನ್ನಲ್ಲಿ ಬರೆಯುತ್ತಿದ್ದೆವು. ಟೂರಿಸ್ಟ್‌ಗಳಿಗೂ ಗೊತ್ತಾಗಲಿ ಅಂತ ಈ ಸಲ ‘ಸಿಸ್ಟರ್ಸ್ ಕಿಚನ್’ ಅಂತ ಇಂಗ್ಲಿಷ್‌ನಲ್ಲಿ ಹೆಸರಿಟ್ಟು 500 ಲೇಬಲ್ ಮಾಡಿಸಿದೆವು.

ಮೊನ್ನೆ ಬೆಂಗಳೂರಿನಿಂದ ಬಂದವರೊಬ್ಬರು ಬಾಟಲಿ ಕೈಗೆ ತಗೊಂಡು, “ಇದನ್ನು ಒಬ್ಬರೇ ಮಾಡೋದಾ?” ಅಂತ ಕೇಳಿದರು. ಇಲ್ಲ, ಏಳು ಜನ ಅಂದೆ. ಹಾಗಾದರೆ ಲೇಬಲ್ ತಪ್ಪಾಗಿದೆ, ಎಸ್‌ಗೆ ಮೊದಲು ಇರುವ ಕೊಕ್ಕೆ ಎಸ್ ಆದ ಮೇಲೆ ಬರಬೇಕಿತ್ತು ಅಂದರು. ಪ್ರೆಸ್‌ನವರನ್ನು ಕೇಳಿದರೆ “ಎರಡೂ ಸರಿ, ಯಾರೂ ನೋಡಲ್ಲ” ಅಂದರು. ನಾನು ಬರೆದುಕೊಟ್ಟ ಚೀಟಿಯಲ್ಲಿ ಕೊಕ್ಕೆಯೇ ಇರಲಿಲ್ಲ. ಅವರೇ ಸೇರಿಸಿದ್ದು.

ಎರಡೂ ಸರಿಯಾ? ನನಗೆ ಇದು ಸಣ್ಣ ವಿಷಯ ಅನಿಸುತ್ತಿಲ್ಲ. ಮಳೆಗಾಲದಲ್ಲಿ ಪುಳಿ ಹಣ್ಣು ಆರಿಸೋದರಿಂದ ಹಿಡಿದು ಒಲೆ ಮುಂದೆ ಕೂತು ರಸ ಕಪ್ಪಾಗುವ ತನಕ ಕಾಯಿಸೋದರವರೆಗೆ ಏಳು ಜನರೂ ಸರದಿ ಪ್ರಕಾರ ದುಡಿದಿದ್ದೇವೆ.

ಸೋಮವಾರಪೇಟೆ ಹುಡುಗ

ಲೇಬಲ್ ಫೋಟೋ ಹಾಕಿ ಅಕ್ಕ.

ಹಳೇ ಟೀಚರ್, ವಿರಾಜಪೇಟೆ

ಎರಡೂ ಸರಿ ಅನ್ನೋದು ತಪ್ಪು. ನಿಮ್ಮ ಮನೆಗೆ ಬಂದವರು ಹೇಳಿದ್ದೇ ಸರಿ.

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ದಾರಿ ಇದು. ಮೊದಲು ಕೊಕ್ಕೆಯನ್ನು ಮರೆತುಬಿಡಿ. ಯಾರದ್ದು ಅಂತ ಕೇಳಿ. ಉತ್ತರ ಒಬ್ಬರಾ, ಹಲವರಾ? ಹಲವರಾದರೆ ಅದರ ಬಹುವಚನವನ್ನು ಪೂರ್ತಿ ಬರೆದು ಮುಗಿಸಿ. ಆಮೇಲೆ ಕೊನೆಯ ಅಕ್ಷರ ನೋಡಿ. ಕೊನೆಯಲ್ಲಿ ಎಸ್ ಇದ್ದರೆ ಅದರ ಪಕ್ಕ ಬರೀ ಕೊಕ್ಕೆ ಸಾಕು. ಎಸ್ ಇಲ್ಲದಿದ್ದರೆ ಕೊಕ್ಕೆ ಹಾಕಿ ಎಸ್ ಸೇರಿಸಿ.

ಸಿಸ್ಟರ್ ಅಂದರೆ ಒಬ್ಬಳು. ಸಿಸ್ಟರ್’ಸ್ ಅಂದರೆ ಒಬ್ಬ ಅಕ್ಕನ. ಸಿಸ್ಟರ್ಸ್ ಅಂದರೆ ಅಕ್ಕಂದಿರು. ಸಿಸ್ಟರ್ಸ್’ ಅಂದರೆ ಅಕ್ಕಂದಿರ. ಲೇಡಿ ಆದರೆ ಮೊದಲು ಲೇಡೀಸ್ ಅಂತ ಪೂರ್ತಿ ಬರೆದು ಆಮೇಲೆ ಕೊಕ್ಕೆ. ಆದರೆ ಚಿಲ್ಡ್ರನ್, ಮೆನ್, ವಿಮೆನ್ ಇವು ಎಸ್ ಇಲ್ಲದೆಯೇ ಬಹುವಚನ ಆಗಿವೆ. ಹಾಗಾಗಿ ಚಿಲ್ಡ್ರನ್’ಸ್, ವಿಮೆನ್’ಸ್. ಇಲ್ಲಿ ಕೊಕ್ಕೆ ಎಸ್‌ಗೆ ಮೊದಲೇ ಬರುತ್ತದೆ, ಆದರೂ ಹಲವರದ್ದೇ.

ಕೆಲವರು ‘ಎಸ್‌ಗೆ ಮೊದಲು ಬಂದರೆ ಏಕವಚನ, ಆಮೇಲೆ ಬಂದರೆ ಬಹುವಚನ’ ಅಂತ ಬಾಯಿಪಾಠ ಮಾಡಿಸುತ್ತಾರೆ. ಆ ಮಕ್ಕಳು ಚಿಲ್ಡ್ರನ್ಸ್’ ಅಂತ ಬರೆಯುತ್ತಾರೆ. ಬಹುವಚನ ಮೊದಲು, ಕೊಕ್ಕೆ ಆಮೇಲೆ. ಇಷ್ಟೇ.

ಗೊತ್ತಾಗದಿದ್ದರೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ಅಕ್ಕನ’ ಅಂತ ಬಂದರೆ ಒಂದು ಜಾಗ, ‘ಅಕ್ಕಂದಿರ’ ಅಂತ ಬಂದರೆ ಇನ್ನೊಂದು ಜಾಗ.

ಕಣದ ರೈಟರ್

ಟೀಚರ್, ಕಿವಿಗೆ ಮೂರೂ ಒಂದೇ ಕೇಳುತ್ತದಲ್ಲ, ಅಲ್ಲೇ ಕಷ್ಟ. ನಾನು ಸುಂಟಿಕೊಪ್ಪ ಕಡೆ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯೋನು. ಒಬ್ಬ ಕೆಲಸಗಾರನ, ಕೆಲಸಗಾರರು, ಕೆಲಸಗಾರರ, ಈ ಮೂರಕ್ಕೂ ಬಾಯಲ್ಲಿ ವರ್ಕರ್ಸ್ ಅಂತಲೇ ಬರೋದು. ಕನ್ನಡ ಅಕ್ಷರದಲ್ಲಿ ಬರೆದರೂ ಮೂರಕ್ಕೂ ವರ್ಕರ್ಸ್. ನಾವು ಕೇಳಿದ್ದನ್ನು ಬರೆಯುವವರು, ಕೇಳದ ಗುರುತನ್ನು ಎಲ್ಲಿಂದ ತರೋದು?

ಒಂದು ಸಲ ಕೆಲಸಗಾರರು ಇರುವ ಲೈನ್ ಮನೆಗಳ ರಿಪೇರಿ ಬಗ್ಗೆ ಆಫೀಸಿಗೆ ಕಾಗದ ಕಳಿಸಿದೆ. ವರ್ಕರ್’ಸ್ ಹೌಸ್ ಅಂತ ಏಕವಚನದಲ್ಲಿ ಬರೆದಿದ್ದೆ. ಒಂದೇ ಮನೆಗೆ ಹೆಂಚು ಮಂಜೂರಾಗಿ ಬಂತು. ಇದ್ದಿದ್ದು ಆರು ಮನೆ. ಮತ್ತೆ ಕಾಗದ ಬರೆದು, ಹೆಂಚು ಬರುವಷ್ಟರಲ್ಲಿ ಜೂನ್ ಮಳೆ ಹಿಡಿದಿತ್ತು. ಐದು ಮನೆಯವರು ಟಾರ್ಪಾಲ್ ಕಟ್ಟಿಕೊಂಡು ಇದ್ದರು. ಅದಾದ ಮೇಲೆ ಈ ಗುರುತನ್ನು ನಾನು ಎರಡೆರಡು ಸಲ ನೋಡುತ್ತೇನೆ.

ಗೋಣಿಕೊಪ್ಪ ಹೋಂಸ್ಟೇ

ಅಯ್ಯೋ, ಪಾಪ ಆ ಐದು ಮನೆಯವರು.

ಕುಶಾಲನಗರ ಡಿಸೈನರ್

ನಾನು ಬೋರ್ಡ್, ಲೇಬಲ್ ಡಿಸೈನ್ ಮಾಡೋನು. ನನ್ನ ಅಭಿಪ್ರಾಯ ಬೇರೆ. ಕೊಕ್ಕೆಯನ್ನೇ ತೆಗೆದುಬಿಡಿ, ಬರೀ ಸಿಸ್ಟರ್ಸ್ ಕಿಚನ್ ಅಂತ ಇರಲಿ. ಇದು ಸೋಮಾರಿತನದ ಮಾತಲ್ಲ. ಲಂಡನ್‌ನ ಹ್ಯಾರಡ್ಸ್ ಅಂಗಡಿಗೆ ಕೊಕ್ಕೆ ಇಲ್ಲ. ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಯವರು 2012ರಲ್ಲಿ ತಮ್ಮ ಹೆಸರಿನಿಂದ ತೆಗೆದರು. ಅಮೆರಿಕದಲ್ಲಿ ಊರು, ಬೆಟ್ಟ, ಕೆರೆಗಳ ಹೆಸರು ತೀರ್ಮಾನಿಸುವ ಸರ್ಕಾರಿ ಮಂಡಳಿ 1890ರಲ್ಲಿ ಶುರುವಾದಾಗಿನಿಂದ ಒಡೆತನದ ಕೊಕ್ಕೆಯನ್ನು ಬೇಡ ಅನ್ನುತ್ತಲೇ ಬಂದಿದೆ. ಇಡೀ ದೇಶದಲ್ಲಿ ಐದೇ ಐದು ಜಾಗಗಳಿಗೆ ಬಿಟ್ಟುಕೊಟ್ಟಿದೆ. ಮೊದಲನೆಯದು ಮಾರ್ಥಾ’ಸ್ ವಿನ್‌ಯಾರ್ಡ್ ದ್ವೀಪ, 1933ರಲ್ಲಿ.

ಲಂಡನ್ ಮೆಟ್ರೋದಲ್ಲಿ ಪಿಕಡಿಲಿ ಲೈನ್‌ನಲ್ಲಿ ಒಂದರ ಪಕ್ಕ ಒಂದು ಸ್ಟೇಷನ್ ಇವೆ. ಅರ್ಲ್’ಸ್ ಕೋರ್ಟ್‌ಗೆ ಕೊಕ್ಕೆ ಇದೆ, ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಅವರ ಊರಲ್ಲೇ ಹೀಗಿರುವಾಗ ನಾಪೋಕ್ಲಿನಲ್ಲಿ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಹಳೇ ಟೀಚರ್, ವಿರಾಜಪೇಟೆ

ತಲೆ ಕೆಡಿಸಿಕೊಳ್ಳಬೇಕು, ಯಾಕೆಂದರೆ ಆ ಬೆಂಗಳೂರಿನವರು ಕೇಳಿದ್ದೇ ಯಾರದ್ದು ಅಂತ.

ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ, ಅದನ್ನು ಒಪ್ಪುತ್ತೇನೆ. ಫಾರ್ಮರ್ಸ್ ಮಾರ್ಕೆಟ್ ಅನ್ನೋದನ್ನು ಕೊಕ್ಕೆ ಇಲ್ಲದೆ ಬರೆಯುವವರು ಬಹಳ ಜನ. ಅವರ ಪ್ರಕಾರ ಅಲ್ಲಿ ರೈತರು ಮಾರ್ಕೆಟ್‌ನ ಒಡೆಯರಲ್ಲ, ಅದು ಎಂಥ ಮಾರ್ಕೆಟ್ ಅಂತ ಹೇಳುವ ಪದ ಅಷ್ಟೇ. ನಾವು ‘ರೈತ ಸಂತೆ’ ಅನ್ನುವ ಹಾಗೆ. ‘ರೈತರ ಸಂತೆ’ ಅಂತ ಬೇಕಾದರೆ ಕೊಕ್ಕೆ ಹಾಕಿ. ಆದರೆ ಈ ಉಪಾಯ ಎಸ್‌ನಲ್ಲಿ ಮುಗಿಯುವ ಬಹುವಚನಕ್ಕೆ ಮಾತ್ರ ನಡೆಯುತ್ತದೆ. ಚಿಲ್ಡ್ರನ್ಸ್ ಅಂತಲೋ ವಿಮೆನ್ಸ್ ಅಂತಲೋ ಕೊಕ್ಕೆ ತೆಗೆದರೆ ಅಂಥ ಪದವೇ ಇಲ್ಲ. ಇದನ್ನು ನಿಮ್ಮ ಗಿರಾಕಿಗಳಿಗೂ ಹೇಳಿ. ಮಹಿಳಾ ಸಂಘಗಳ ಬೋರ್ಡ್‌ನಲ್ಲಿ ಈ ತಪ್ಪು ಜಾಸ್ತಿ.

ಕುಶಾಲನಗರ ಡಿಸೈನರ್

ಸರಿ ಟೀಚರ್, ವಿಮೆನ್ಸ್ ವಿಷಯ ಒಪ್ಪಿದೆ. ನಾನೇ ಅಂಥ ಎರಡು ಬೋರ್ಡ್ ಮಾಡಿದ್ದೇನೆ. ಮುಂದಿನ ಸಲ ಪೇಂಟ್ ಹೊಡೆಯುವಾಗ ತಿದ್ದುತ್ತೇನೆ. ಆದರೆ ಸಿಸ್ಟರ್ಸ್ ಕಿಚನ್‌ಗೆ ಕೊಕ್ಕೆ ಇಲ್ಲದಿದ್ದರೂ ತಪ್ಪಲ್ಲ ಅನ್ನೋದು ನನ್ನ ಮಾತು. ಇರಬಾರದ ಜಾಗದಲ್ಲಿ ಇರೋದು ಮಾತ್ರ ತಪ್ಪು.

ಮಡಿಕೇರಿ ಮಳೆ

ಇದೇ ಲೆಕ್ಕದಲ್ಲಿ ನಮ್ಮ ರಾಜಾಸೀಟ್ ಬಗ್ಗೆ ಹೇಳಿ. ಇಂಗ್ಲಿಷ್‌ನಲ್ಲಿ ರಾಜಾ’ಸ್ ಸೀಟ್ ಅಂತ ಏಕವಚನ ಬರೆಯುತ್ತಾರೆ. ಅಲ್ಲಿ ಕೂತು ಸೂರ್ಯ ಮುಳುಗೋದನ್ನು ನೋಡಿದ್ದು ಒಬ್ಬ ರಾಜ ಅಲ್ಲವಲ್ಲ. ರಾಜಾಸ್’ ಅಂತ ಇರಬೇಕಲ್ವಾ?

ಸೋಮವಾರಪೇಟೆ ಹುಡುಗ

ಇಲ್ಲಣ್ಣ. ಒಂದು ಕಾಲಕ್ಕೆ ಒಬ್ಬನೇ ರಾಜ. ಯಾರು ಪಟ್ಟದಲ್ಲಿದ್ದಾನೋ ಅವನ ಸೀಟು.

ಮಡಿಕೇರಿ ಮಳೆ

ಹಾಗಾದರೆ ಗದ್ದುಗೆ? ಅಲ್ಲಿ ದೊಡ್ಡ ವೀರರಾಜೇಂದ್ರರ ಸಮಾಧಿಯೂ ಇದೆ, ಲಿಂಗರಾಜೇಂದ್ರರದ್ದೂ ಇದೆ. ಅದನ್ನು ಕೆಲವರು ರಾಜಾ’ಸ್ ಟೂಂಬ್ ಅಂತ ಬರೆಯೋದನ್ನು ನೋಡಿದ್ದೇನೆ. ಅಲ್ಲಿ ಒಂದು ಕಾಲಕ್ಕೆ ಒಬ್ಬ ಅನ್ನೋ ವಾದ ನಡೆಯಲ್ಲ. ಇಬ್ಬರೂ ಒಟ್ಟಿಗೇ ಅಲ್ಲಿದ್ದಾರೆ.

ಹಳೇ ಟೀಚರ್, ವಿರಾಜಪೇಟೆ

ಗದ್ದುಗೆ ವಿಷಯದಲ್ಲಿ ನಿಮ್ಮದು ಪೂರ್ತಿ ಸರಿ. ರಾಜಾಸ್’ ಟೂಂಬ್ಸ್ ಆಗಬೇಕು. ರಾಜಾಸೀಟ್‌ಗೆ ಹುಡುಗ ಹೇಳಿದ್ದು ಸರಿ. ಪದವಿಯ ಮೇಲೆ ಬಂದ ಹೆಸರು, ಏಕವಚನ ಸಾಕು.

ಅಮ್ಮತ್ತಿ ಅಣ್ಣ

ಟೀಚರ್, ನಿಮ್ಮ ‘ಕನ್ನಡದಲ್ಲಿ ಹೇಳಿಕೊಳ್ಳಿ’ ಅನ್ನೋ ದಾರಿಯಲ್ಲಿ ಒಂದು ಗುಂಡಿ ಇದೆ. ಗೌರವದಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಒಬ್ಬರನ್ನೇ ಬಹುವಚನದಲ್ಲಿ ಕರೆಯುತ್ತೇವೆ. ‘ಗುರುಗಳ ಮನೆ’, ‘ಡಾಕ್ಟರ್ ಅವರ ಕಾರು’, ‘ಟೀಚರ್ ಅವರ ತೋಟ’. ಇಲ್ಲೆಲ್ಲ ಇರೋದು ಒಬ್ಬರೇ. ಕನ್ನಡದ ಪ್ರತ್ಯಯ ನೋಡಿ ಇಂಗ್ಲಿಷ್‌ಗೆ ಹೋದರೆ ಟೀಚರ್ಸ್’ ಎಸ್ಟೇಟ್ ಆಗಿಬಿಡುತ್ತದೆ. ಮೇಲೆ ರಾಜರ ಮಾತು ಬಂತಲ್ಲ, ‘ರಾಜರ’ ಅನ್ನೋದೂ ಹಾಗೇ. ಒಬ್ಬ ರಾಜರದ್ದೋ, ಹಲವು ರಾಜರದ್ದೋ ಕನ್ನಡದಲ್ಲಿ ಗೊತ್ತಾಗಲ್ಲ.

ಕಣದ ರೈಟರ್

ಇನ್ನೊಂದು ಗುಂಡಿ ನಾನು ಹೇಳುತ್ತೇನೆ. ರಜೆ ಚೀಟಿ. ನಾವು ‘ಎರಡು ದಿನದ ರಜೆ’ ಅನ್ನುತ್ತೇವೆ. ‘ಎರಡು ದಿನಗಳ’ ಅಂತ ಮಾತಲ್ಲಿ ಯಾರೂ ಅನ್ನಲ್ಲ. ‘ಹತ್ತು ವರ್ಷದ ಅನುಭವ’, ‘ಆರು ತಿಂಗಳ ಮಗು’. ಮುಂದೆ ಸಂಖ್ಯೆ ಇದ್ದರೆ ನಮಗೆ ಗಳು ಬೇಡ. ಅದನ್ನೇ ಇಂಗ್ಲಿಷ್‌ಗೆ ಎತ್ತಿಕೊಂಡು ಹೋಗಿ ಟೂ ಡೇ’ಸ್ ಲೀವ್ ಅಂತ ಬರೆಯುತ್ತಾರೆ. ನನ್ನ ಫೈಲ್‌ನಲ್ಲಿ ಇಂಥ ಚೀಟಿಗಳೇ ಜಾಸ್ತಿ. ಟೂ ಡೇಸ್’ ಲೀವ್ ಅಲ್ವಾ ಟೀಚರ್?

ಹಳೇ ಟೀಚರ್, ವಿರಾಜಪೇಟೆ

ಇಬ್ಬರದ್ದೂ ಸರಿ. ಇಷ್ಟು ವರ್ಷ ಪಾಠ ಮಾಡಿದರೂ ಗೌರವದ ಬಹುವಚನವನ್ನು ನಾನು ಹೀಗೆ ಬಿಡಿಸಿ ಯೋಚಿಸಿರಲಿಲ್ಲ. ಹಾಗಾದರೆ ನನ್ನ ಮಾತನ್ನು ತಿದ್ದುತ್ತೇನೆ. ಪ್ರತ್ಯಯ ನೋಡಬೇಡಿ, ತಲೆ ಎಣಿಸಿ.

ರಜೆ ವಿಷಯ ಹೌದು. ಒಂದು ದಿನವಾದರೆ ಡೇ’ಸ್, ಎರಡೋ ಅದಕ್ಕಿಂತ ಹೆಚ್ಚೋ ಆದರೆ ಡೇಸ್’. ಟೆನ್ ಇಯರ್ಸ್’ ಎಕ್ಸ್‌ಪೀರಿಯೆನ್ಸ್ ಕೂಡ ಹಾಗೇ. ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳು ಇದನ್ನು ಗಮನಿಸಬೇಕು. ಅರ್ಜಿಯ ಮೊದಲ ಸಾಲಲ್ಲೇ ಈ ಪದ ಇರುತ್ತದೆ.

ಪೊನ್ನಂಪೇಟೆ ಓದುಗಿ

ತಡವಾಗಿ ಬಂದೆ. ಭಾಷೆಗಳ ಚರಿತ್ರೆ ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಈ ಗೊಂದಲವೇ ಇರಲಿಲ್ಲ. ನಮ್ಮ ಹಾಗೆಯೇ ಅವರಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಲ್ಲಿಗೆ ಸ್ಟಾನ್ ಅಂತಿದ್ದರು. ಕಲ್ಲಿನ ಅನ್ನೋದಕ್ಕೆ ಸ್ಟಾನೆಸ್, ಕಲ್ಲುಗಳು ಅನ್ನೋದಕ್ಕೆ ಸ್ಟಾನಸ್, ಕಲ್ಲುಗಳ ಅನ್ನೋದಕ್ಕೆ ಸ್ಟಾನ. ನಮ್ಮ ಷಷ್ಠಿಯ ‘ಅ’ ಇದೆಯಲ್ಲ, ಮಕ್ಕಳು ಮಕ್ಕಳ ಆಗುವಾಗ ಬರೋದು, ಅವರ ಬಹುವಚನದ ಷಷ್ಠಿಯೂ ‘ಅ’ ಆಗಿತ್ತು. ಎರಡು ಭಾಷೆಗೂ ಸಂಬಂಧ ಇಲ್ಲ, ಕಾಕತಾಳೀಯ. ಆದರೂ ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು.

ಆಮೇಲೆ ಪದದ ಕೊನೆಯ ಸ್ವರಗಳು ಸವೆದುಹೋದವು. ಎಲ್ಲ ಕಡೆ ಎಸ್ ಒಂದೇ ಉಳಿಯಿತು. ಒಬ್ಬರದ್ದೂ ಎಸ್, ಹಲವರೂ ಎಸ್, ಹಲವರದ್ದೂ ಎಸ್. ಕೊಕ್ಕೆ 16ನೇ ಶತಮಾನದಲ್ಲಿ ಫ್ರೆಂಚ್‌ನಿಂದ ಬಂತು, ಅದೂ ಅಕ್ಷರ ಬಿಟ್ಟುಹೋದ ಕಡೆ ಗುರುತಿಗೆ. ಒಡೆತನಕ್ಕೆ ಬಳಸೋದು ನಿಧಾನವಾಗಿ ಬಳಕೆಗೆ ಬಂತು. ಬಹುವಚನದ ಎಸ್ ಆದ ಮೇಲೆ ಕೊಕ್ಕೆ ಹಾಕುವ ಪದ್ಧತಿ ನೆಲೆ ನಿಂತಿದ್ದು 18ನೇ ಶತಮಾನದಲ್ಲಿ. ಅಂದರೆ ಕಿವಿಗೆ ಕೇಳದ್ದನ್ನು ಕಣ್ಣಿಗೆ ತೋರಿಸಲು ಮಾಡಿಕೊಂಡ ಏರ್ಪಾಡು ಇದು. ರೈಟರ್ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಣದ ರೈಟರ್

ಇದು ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಅಕ್ಕ.

ಅಮ್ಮತ್ತಿ ಅಣ್ಣ

ಓದುಗಿ ಅಕ್ಕ, ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಇದು ಇನ್ನೂ ಚೆನ್ನಾಗಿದೆ. ಅಪ್ಪಂಡ ಅಂದರೆ ಅಪ್ಪನ, ನಂಗಡ ಅಂದರೆ ನಮ್ಮ. ಒಕ್ಕದ, ಅಂದರೆ ಮನೆತನದ, ಹೆಸರುಗಳ ಕೊನೆ ನೋಡಿ, ‘ಅಂಡ’, ‘ಇರ’, ‘ಏರ’ ಅಂತ ಬರುತ್ತದೆ. ಅದೂ ಇದೇ ‘ಇಂಥವರ’ ಅನ್ನುವ ಅರ್ಥದ್ದು. ಕಾರ್ಯಪ್ಪನವರೂ ತಿಮ್ಮಯ್ಯನವರೂ ಕೊಡಂದೇರ ಒಕ್ಕದವರು. ಅದಕ್ಕೇ ಒಕ್ಕದ ಹೆಸರು ಮೊದಲು, ಆಳಿನ ಹೆಸರು ಆಮೇಲೆ. ಇಂಥವರ ಮನೆಯ ಇಂಥವನು. ನಮ್ಮ ಹೆಸರಿನಲ್ಲೇ ಒಡೆತನ ಇದೆ. ಒಬ್ಬರದ್ದಲ್ಲ, ಇಡೀ ಒಕ್ಕದ್ದು.

ಅದಕ್ಕೇ ಐನ್‌ಮನೆ (ಒಕ್ಕದ ಮೂಲ ಮನೆ) ಬೋರ್ಡ್‌ಗೆ ಇಂಗ್ಲಿಷ್ ಕೊಕ್ಕೆ ಹಾಕಬೇಕು ಅಂತ ಒಬ್ಬರು ಬಂದಾಗ ನಾನು ಬೇಡ ಅಂದೆ. ಒಕ್ಕದ ಹೆಸರು, ಮುಂದೆ ಐನ್‌ಮನೆ. ಅಷ್ಟು ಸಾಕು.

ಮಡಿಕೇರಿ ಮಳೆ

ಮನೆ ಅಂದಾಗ ನೆನಪಾಯಿತು. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ, 2021ರಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದರು. ಅದನ್ನು ತಿಮ್ಮಯ್ಯ’ಸ್ ಹೌಸ್ ಅಂದರೆ ಜನರಲ್ ಒಬ್ಬರ ಮನೆ, ತಿಮ್ಮಯ್ಯಾಸ್’ ಅಂದರೆ ಆ ಕುಟುಂಬದವರೆಲ್ಲರ ಮನೆ, ಹೌದಾ?

ಹಳೇ ಟೀಚರ್, ವಿರಾಜಪೇಟೆ

ಹೌದು. ಹೆಸರೇ ಎಸ್‌ನಲ್ಲಿ ಮುಗಿದರೆ ಇನ್ನೊಂದು ಹೆಜ್ಜೆ ಇದೆ. ಥಾಮಸ್ ಕುಟುಂಬದವರು ಅಂದರೆ ಥಾಮಸಸ್. ಅವರೆಲ್ಲರ ಮನೆ ಅಂದರೆ ಥಾಮಸಸ್’. ಓದಲು ಉದ್ದ ಅನಿಸಿದರೆ ಥಾಮಸ್ ಫ್ಯಾಮಿಲಿ ಅಂತ ಬರೆದು ತಪ್ಪಿಸಿಕೊಳ್ಳಬಹುದು.

ಗೋಣಿಕೊಪ್ಪ ಹೋಂಸ್ಟೇ

ನಮ್ಮದು ಗಂಡ ಹೆಂಡತಿ ಇಬ್ಬರ ಹೋಂಸ್ಟೇ. ಬೋರ್ಡ್‌ನಲ್ಲಿ ಇಬ್ಬರ ಹೆಸರೂ ಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಬೋಪಣ್ಣ, ಸೀತಾ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ಕೊಕ್ಕೆ ಹಾಕಬೇಕಾ?

ಪೊನ್ನಂಪೇಟೆ ಓದುಗಿ

ಆಸ್ತಿ ಒಂದೇ ಆದರೆ ಕೊನೆಯ ಹೆಸರಿಗೆ ಮಾತ್ರ. ಬೋಪಣ್ಣ ಆ್ಯಂಡ್ ಸೀತಾ’ಸ್ ಹೋಂಸ್ಟೇ. ಅವರದ್ದೊಂದು ತೋಟ, ನಿಮ್ಮದೊಂದು ತೋಟ ಬೇರೆಬೇರೆ ಇದ್ದರೆ ಇಬ್ಬರಿಗೂ ಒಂದೊಂದು. ಆಗ ಎಸ್ಟೇಟ್ಸ್ ಅಂತ ಬಹುವಚನ. ಕನ್ನಡದಲ್ಲೂ ‘ಬೋಪಣ್ಣ ಮತ್ತು ಸೀತಾಳ ಮನೆ’ ಅಂದರೆ ಒಂದೇ ಮನೆ ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ.

ಗೋಣಿಕೊಪ್ಪ ಹೋಂಸ್ಟೇ

ಒಂದೇ. ಥ್ಯಾಂಕ್ಸ್!

ಸೋಮವಾರಪೇಟೆ ಹುಡುಗ

ನಾನು ನೋಡಿದ ದೊಡ್ಡ ತಪ್ಪು ಬೇರೆ. ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಬೋರ್ಡ್‌ಗಳನ್ನು ನೋಡಿ. ರೂಮ್’ಸ್, ಚಾಕೊಲೇಟ್’ಸ್, ವೈನ್’ಸ್. ಯಾರದ್ದೂ ಅಲ್ಲ, ಬರೀ ಬಹುವಚನ. ಅಲ್ಲಿಗೆ ಕೊಕ್ಕೆ ಯಾಕೆ?

ಕುಶಾಲನಗರ ಡಿಸೈನರ್

ಗಿರಾಕಿಗಳೇ ಕೇಳಿ ಹಾಕಿಸುತ್ತಾರಪ್ಪ. ಬೇಡ ಅಂದರೆ ‘ಪಕ್ಕದ ಅಂಗಡಿಯಲ್ಲಿ ಇದೆ’ ಅನ್ನುತ್ತಾರೆ.

ಹಳೇ ಟೀಚರ್, ವಿರಾಜಪೇಟೆ

ದಯವಿಟ್ಟು ಬೇಡ ಅಂತಲೇ ಹೇಳಿ. ಬೋರ್ಡ್ ನೋಡಿಯೇ ಮಕ್ಕಳು ಕಲಿಯೋದು. ಸೆಪ್ಟೆಂಬರ್ 5ಕ್ಕೆ ಶಾಲೆಗಳ ಬ್ಯಾನರ್ ನೋಡುತ್ತೇನೆ, ಟೀಚರ್’ಸ್ ಡೇ ಅಂತ ಒಬ್ಬರಿಗೇ ಇರುತ್ತದೆ. 1962ರಿಂದ ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು ಶಿಕ್ಷಕರೆಲ್ಲರ ದಿನವಾಗಿ ಆಚರಿಸುತ್ತಿದ್ದೇವೆ. ಟೀಚರ್ಸ್’ ಡೇ ಆಗಬೇಕು. ನವೆಂಬರ್ 14 ಚಿಲ್ಡ್ರನ್’ಸ್ ಡೇ, ಮಾರ್ಚ್ 8 ವಿಮೆನ್’ಸ್ ಡೇ.

ಮಡಿಕೇರಿ ಮಳೆ

ಹಾಗಾದರೆ ಮದರ್ಸ್ ಡೇ ಕೂಡ ಎಸ್ ಆದ ಮೇಲೆ ಬರಬೇಕು. ಎಲ್ಲ ಕಡೆ ತಪ್ಪು ಬರೆಯುತ್ತಾರಾ?

ಪೊನ್ನಂಪೇಟೆ ಓದುಗಿ

ಅದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಆ ದಿನವನ್ನು ಶುರುಮಾಡಿದ ಅಮೆರಿಕದ ಆ್ಯನಾ ಜಾರ್ವಿಸ್ ಏಕವಚನವೇ ಬೇಕು ಅಂತ ಪಟ್ಟು ಹಿಡಿದಿದ್ದರು. ಪ್ರತಿ ಮನೆಯವರೂ ತಮ್ಮ ತಮ್ಮ ಅಮ್ಮನನ್ನು ನೆನೆಯಲಿ ಅನ್ನೋದು ಅವರ ಆಸೆ. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ಅಧಿಕೃತ ಮಾಡಿದರು. ನೋಡಿ, ಒಂದು ಕೊಕ್ಕೆಯ ಜಾಗಕ್ಕೆ ಎಷ್ಟು ಅರ್ಥ ಇದೆ. ನಾಪೋಕ್ಲು ಅಕ್ಕ ಕೇಳಿದ್ದೂ ಅದನ್ನೇ ಅಲ್ವಾ?

ನಾಪೋಕ್ಲು ಅಕ್ಕ

ಇಷ್ಟು ಜನ ಬರೆದಿದ್ದೀರಿ, ತುಂಬ ಸಂತೋಷ. ನಿನ್ನೆ ಸಂಜೆ ಎಲ್ಲವನ್ನೂ ಗುಂಪಿನಲ್ಲಿ ಓದಿ ಹೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ದೊಡ್ಡವರು ಒಬ್ಬರಿದ್ದಾರೆ, ಇಂಗ್ಲಿಷ್ ಬರಲ್ಲ. ಅವರು ಲೇಬಲ್ ಮೇಲೆ ಬೆರಳಿಟ್ಟು, “ಇದು ಇಲ್ಲಿದ್ದರೆ ಒಬ್ಬಳದ್ದು, ಇಲ್ಲಿದ್ದರೆ ನಮ್ಮೆಲ್ಲರದ್ದು, ಹೌದಾ? ಹಾಗಾದರೆ ಇಲ್ಲೇ ಇರಲಿ” ಅಂದರು. ಅಲ್ಲಿಗೆ ಮುಗಿಯಿತು. ಡಿಸೈನರ್ ಅಣ್ಣ, ಪೂರ್ತಿ ತೆಗೆಯೋದು ಸುಲಭ ಅಂತ ಗೊತ್ತು. ಆದರೆ ಅವರಿಗೆ ಅದು ಬೇಕು.

ಈಗ 500 ಲೇಬಲ್ ಬಿಸಾಡಲು ದುಡ್ಡಿಲ್ಲ. ಲೇಬಲ್ ಕೆನೆ ಬಣ್ಣ, ಅಕ್ಷರ ಕಂದು. ಸೂಜಿ ತುದಿಯಲ್ಲಿ ಕೆನೆ ಬಣ್ಣ ಅದ್ದಿ ಹಳೇ ಕೊಕ್ಕೆಯನ್ನು ಮುಚ್ಚಿದೆವು. ಒಣಗಿದ ಮೇಲೆ ಕಂದು ಪೆನ್ನಲ್ಲಿ ಎಸ್ ಪಕ್ಕ ಹೊಸದು ಬರೆದೆವು. ನಿನ್ನೆ ರಾತ್ರಿ 40 ಆಯಿತು. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಪರವಾಗಿಲ್ಲ. ಮುಂದಿನ ಸಲ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘ಅಕ್ಕ ತಂಗಿಯರ ಅಡುಗೆಮನೆ’ ಅಂತ ಹಾಕಿಸುತ್ತೇವೆ, ಇಂಗ್ಲಿಷ್ ಕೆಳಗೆ.

ಕುಶಾಲನಗರ ಡಿಸೈನರ್

ಒಪ್ಪಿದೆ ಅಕ್ಕ. ಮುಂದಿನ ಲೇಬಲ್ ನಾನು ಡಿಸೈನ್ ಮಾಡಿಕೊಡುತ್ತೇನೆ, ದುಡ್ಡು ಬೇಡ. ಪ್ರಿಂಟಿಗೆ ಕೊಡುವ ಮೊದಲು ಟೀಚರ್‌ಗೆ ಒಮ್ಮೆ ತೋರಿಸೋಣ.

ಹಳೇ ಟೀಚರ್, ವಿರಾಜಪೇಟೆ

ಕಳಿಸಿ, ನೋಡುತ್ತೇನೆ. ಹಿಂಬದಿಯ ಸಣ್ಣ ಅಕ್ಷರವನ್ನೂ ಕಳಿಸಿ.

ಗೋಣಿಕೊಪ್ಪ ಹೋಂಸ್ಟೇ

ತಿದ್ದಿದ 40ರಲ್ಲಿ ಕಾಚಂಪುಳಿ ಎರಡು ಬಾಟಲಿ ನನಗೆ ಎತ್ತಿಡಿ ಅಕ್ಕ. ಭಾನುವಾರ ಪಂದಿಕರಿ ಇದೆ, ಶನಿವಾರ ಬಂದು ತಗೊಳ್ಳುತ್ತೇನೆ.